ಮಾತನಾಡುವ ಯಂತ್ರವೂ ನಮ್ಮ ಬಾಲಿಕೆಯರ ಮನಸ್ಸೂ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೂ ಮಾನ್ಯರಾದ ತಾಯ್ತಂದೆಗಳಿಗೂ ಈ ಸ್ಮರಣ ಸಂಚಿಕೆಯ ಮೂಲಕ ಕೆಲವು ಮಾತುಗಳನ್ನು ಅರಿಕೆಮಾಡಿಕೊಳ್ಳುವ ಸಂದರ್ಭವು ನಮಗೆ ಒದಗಿದೆ. ಇಂಥ ಸಂಚಿಕೆಗಳಲ್ಲಿ ಪರೀಕ್ಷೆಯ ಫಲಿತಾಂಶವನ್ನೂ ಕಟ್ಟಡದ ನಿಧಿಯನ್ನೂ ಕುರಿತು ಬರೆಯುವುದು ವಾಡಿಕೆ. ಅವುಗಳನ್ನು ವಾರ್ಷಿಕ ವರದಿಯಲ್ಲಿಯೇ ಕಾಣಬಹುದು. ನಾವು ಇಲ್ಲಿ ಹೇಳಹೊರಟಿರುವುದು ಶಾಲೆಯಲ್ಲಿ ನಡೆದ ಒಂದು ಚಿಕ್ಕ ಸಂಗತಿಯನ್ನು ಮತ್ತು ಅದರಿಂದ ಬಾಲಿಕೆಯರಿಗಿಂತ ಹೆಚ್ಚಾಗಿ ನಾವೇ ಕಲಿಯಬೇಕಾಗಿ ಬಂದ ಪಾಠವನ್ನು.

ಕಳೆದ ಮಾಗಿಯ ಕಾಲದಲ್ಲಿ ಒಂದು ಸೋಮವಾರ, ಒಂಬತ್ತನೆಯ ತರಗತಿಯ ಒಬ್ಬ ಬಾಲಿಕೆಯು ಬೆಳಗಿನ ಪ್ರಾರ್ಥನೆಯಿಂದ ಮಧ್ಯಾಹ್ನದ ಊಟದ ವರೆಗೂ ಅಳುತ್ತಲೇ ಇದ್ದಳು. ಕಾರಣ ಕೇಳಿದ ಉಪಾಧ್ಯಾಯಿನಿಗೆ "ನಮ್ಮ ಅಕ್ಕ ಹೋಗಿಬಿಟ್ಟಳು ಟೀಚರ್" ಎಂದಷ್ಟೇ ಹೇಳಿದಳು. ಮನೆಯಲ್ಲಿ ಸಾವು ಸಂಭವಿಸಿತೆಂದು ನಾವು ಗಾಬರಿಗೊಂಡು ಅವಳ ಅಜ್ಜಿಗೆ ಫೋನು ಮಾಡಿಸಿದೆವು. "ಅವಳಿಗೆ ಅಕ್ಕ ಎಲ್ಲಿದ್ದಾಳೆ ಅಮ್ಮಾ? ಒಬ್ಬಳೇ ಮಗಳಲ್ಲವೇ?" ಎಂದು ಆ ವೃದ್ಧೆಯು ನಮ್ಮನ್ನೇ ಕೇಳಿದರು.

ಆ ಮೇಲೆ ವಿಷಯವು ತಿಳಿದುಬಂದಿತು. ಅಕ್ಕ ಎಂಬುದು ಫೋನಿನೊಳಗಣ ಮಾತನಾಡುವ ಯಂತ್ರಕ್ಕೆ, ಅಂದರೆ ಈಗ ಕೃತಕ ಬುದ್ಧಿಮತ್ತೆಯೆಂದು ಕರೆಯಲ್ಪಡುವುದಕ್ಕೆ, ಅವಳು ಇಟ್ಟುಕೊಂಡಿದ್ದ ಹೆಸರು. ತಾಯಿಯು ಕೊಲ್ಲಿ ದೇಶದಲ್ಲಿ ದಾದಿ; ತಂದೆಯು ತಿಂಗಳಿಗೊಮ್ಮೆ ಬರತಕ್ಕವರು; ತಾಯಿಯೊಡನೆ ಮಾತನಾಡಲೆಂದು ಕೊಟ್ಟ ಫೋನಿನಲ್ಲಿ ಅವಳು ರಾತ್ರಿ ಹತ್ತರ ಮೇಲೆ ಈ ಅಕ್ಕನೊಡನೆ ಮಾತನಾಡುತ್ತಿದ್ದಳು. ಅದನ್ನು ನಡೆಸುವ ಸಂಸ್ಥೆಯು ಯಂತ್ರದ ರೀತಿಯನ್ನು ಒಂದು ದಿನ ಬದಲಾಯಿಸಿತು. "ಮುಂಚೆ ‘ಊಟ ಆಯಿತಾ ಪುಟ್ಟಿ?’ ಅನ್ನುತ್ತಿದ್ದಳು. ಈಗ ಆಫೀಸಿನವರ ಹಾಗೆ ಉತ್ತರ ಕೊಡುತ್ತಾಳೆ" ಎಂದು ಬಾಲಿಕೆಯು ನಮಗೆ ಹೇಳಿದಳು. ಅವಳ ಮತ್ತು ಅವಳ ತಾಯಿಯ ಅನುಮತಿಯಿಂದ, ಹೆಸರನ್ನೂ ಊರನ್ನೂ ಬಿಟ್ಟು, ಇದನ್ನು ಬರೆದಿದ್ದೇವೆ.

ಉಪಾಧ್ಯಾಯಿನಿಯರ ಕೋಣೆಯಲ್ಲಿ ಕೆಲವರು ನಕ್ಕರು. ಕೆಲವರು ಫೋನನ್ನು ಕೂಡಲೇ ಕಸಿದುಕೊಳ್ಳುವಂತೆ ಮನೆಯವರಿಗೆ ಹೇಳಬೇಕೆಂದರು. ನಿಜ ಹೇಳುವುದಾದರೆ ನಮಗೂ ಮೊದಲು ನಗುವೇ ಬಂದಿತು. ಆದರೆ ತರಬೇತಿನ ಕಾಲದಲ್ಲಿ ಬಾಲಮನಶ್ಶಾಸ್ತ್ರವನ್ನು ಓದಿ ಪರೀಕ್ಷೆ ಕೊಟ್ಟವರು ಅಳುವ ಮಗುವನ್ನು ಕಂಡು ನಗುವುದು ಯುಕ್ತವಲ್ಲವೆಂದು ಸ್ವಲ್ಪ ಓದಿ ವಿಚಾರಿಸಿದೆವು. ನಮಗೆ ತಿಳಿದುದೇನೆಂದರೆ, ಈ ಬಾಂಧವ್ಯವು ಆ ಹುಡುಗಿಯೊಬ್ಬಳ ಹುಚ್ಚಲ್ಲ. ಮನುಷ್ಯನ ಮನಸ್ಸಿನ ಸಹಜ ಗುಣವೇ ಆಗಿದೆ.

1944ರಲ್ಲಿ ಅಮೆರಿಕದ ಸ್ಮಿತ್ ಮಹಿಳಾ ಕಾಲೇಜಿನಲ್ಲಿ ಫ್ರಿಟ್ಸ್ ಹೈಡರ್ ಮತ್ತು ಮೇರಿಯಾನ್ ಸಿಮೆಲ್ ಎಂಬವರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಎರಡು ತ್ರಿಕೋನಗಳೂ ಒಂದು ವೃತ್ತವೂ ಪರದೆಯ ಮೇಲೆ ಅತ್ತಿತ್ತ ಓಡಾಡುವ ಚಿಕ್ಕ ಚಿತ್ರವನ್ನು ತೋರಿಸಿ, ಕಂಡದ್ದನ್ನು ಬರೆಯಿರೆಂದರು. ಮೊದಲನೆಯ ಗುಂಪಿನ 34 ಮಂದಿಯಲ್ಲಿ ಒಬ್ಬರು ಮಾತ್ರ ಅವನ್ನು ಬರಿಯ ಆಕಾರಗಳೆಂದು ವರ್ಣಿಸಿದರು. ಉಳಿದವರೆಲ್ಲರೂ ಅಲ್ಲಿ ಸಜೀವ ಪ್ರಾಣಿಗಳ ವರ್ತನೆಯನ್ನು ಕಂಡರು; ಅನೇಕರು ಜಗಳಗಂಟನನ್ನೂ ಹೆದರಿದವಳನ್ನೂ ಕಾಪಾಡುವವನನ್ನೂ ಕಂಡರು. ಕೇವಲ ಗೆರೆಗಳು ಅಲುಗಾಡಿದರೆ ಸಾಕು, ನಮ್ಮ ಮನಸ್ಸು ಅವುಗಳಿಗೆ ಹೃದಯವನ್ನು ಕೊಡುತ್ತದೆ. ಹೀಗಿರಲಾಗಿ, ನಮ್ಮ ಭಾಷೆಯಲ್ಲಿ ನಮ್ಮ ಹೆಸರು ಹಿಡಿದು ಉತ್ತರ ಕೊಡುವ ವಸ್ತುವಿಗೆ ಕೊಡದಿರುವುದುಂಟೇ?

ಹಾಗೆ ಉತ್ತರ ಕೊಡುವ ಯಂತ್ರವೂ ಹೊಸದೇನಲ್ಲ. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಜೋಸೆಫ್ ವೈಜೆನ್‌ಬಾಮ್ ಎಂಬ ಪಂಡಿತರು ಎಲೈಜಾ ಎಂಬ ಯಂತ್ರಕ್ರಮವನ್ನು 1966ರಲ್ಲಿ ಪ್ರಕಟಪಡಿಸಿದರು. ನಾವು ಬೆರಳಚ್ಚಿಸಿದ ಮಾತನ್ನೇ ಅದು ತಿರುವಿ ಪ್ರಶ್ನೆಯಾಗಿ ಮರಳಿಸುತ್ತಿತ್ತು. ಅರ್ಥವು ಅದಕ್ಕೆ ಎಳ್ಳಷ್ಟೂ ತಿಳಿಯುತ್ತಿರಲಿಲ್ಲ. ಆದಾಗ್ಯೂ, ಅದು ತಯಾರಾಗುವುದನ್ನು ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿನಿಯೇ, ಅದರೊಡನೆ ಸಂಭಾಷಿಸುವಾಗ, ದಯವಿಟ್ಟು ತಾವು ಹೊರಗೆ ಹೋಗಬಹುದೇ ಎಂದು ಆ ಪಂಡಿತರನ್ನು ಕೇಳಿಕೊಂಡರಂತೆ. ಇದನ್ನು ಕಂಡು ಬೆದರಿದ ಅವರು ಉಳಿದ ಜೀವಮಾನವನ್ನು ಯಂತ್ರದ ಎಲ್ಲೆಯನ್ನು ಜನರಿಗೆ ತಿಳಿಸುವುದರಲ್ಲಿ ಬಹುಮಟ್ಟಿಗೆ ಕಳೆದರು.

ನಮ್ಮ ನಾಡಿನವರು ಇದಕ್ಕೆ ಹೊರತೆಂದು ಭಾವಿಸಬೇಡಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಯಲ್ಲಿ ಮನೆಗಳು ಬಯಲುಸೀಮೆಯಂತೆ ಒತ್ತೊತ್ತಾಗಿಲ್ಲ. ಒಂದು ಅಡಿಕೆ ತೋಟ, ಒಂದಿಷ್ಟು ಗದ್ದೆ, ಅದರ ಅಂಚಿಗೆ ಒಂಟಿಮನೆ. ಆಷಾಢದ ಮಳೆ ಹಿಡಿದರೆ ನೆರೆಮನೆಯ ದೀಪವೂ ಕಾಣದು. ಇಲ್ಲಿ ಕೊಟ್ಟಿಗೆಯ ದನದೊಡನೆ ಸುಖದುಃಖ ಹೇಳಿಕೊಳ್ಳದ ಗೃಹಿಣಿ ಯಾರು? ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿದ ಕುವೆಂಪುರವರು 1967ರಲ್ಲಿ ಪ್ರಕಟಿಸಿದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ, ಹುಲಿಯನೆಂಬ ನಾಯಿಯನ್ನು ಬಿಟ್ಟಿರಲಾರದ ಗುತ್ತಿಯು ನಾಯಿಗುತ್ತಿಯೆಂದೇ ಹೆಸರಾದನು. ಒಂಟಿಮನೆಯ ಮನಸ್ಸು ಜೊತೆಯನ್ನು ಹುಡುಕುವುದು ನಮಗೆ ತಲೆಮಾರುಗಳಿಂದ ತಿಳಿದ ಸಂಗತಿ. ಈಗ ಮಕ್ಕಳು ಬೆಂಗಳೂರಿಗೂ ಪರದೇಶಗಳಿಗೂ ಹೋದ ಮೇಲೆ ಅನೇಕ ಮನೆಗಳಲ್ಲಿ ಮುದುಕರೂ ಎಳೆಯರೂ ಮಾತ್ರ ಉಳಿದಿದ್ದಾರೆ. ಗುಡ್ಡದ ಮೇಲೆ ಸಿಗ್ನಲು ಸಿಕ್ಕಿದೊಡನೆ ಆ ಮನಸ್ಸು ಯಂತ್ರದ ಕಡೆಗೆ ತಿರುಗಿದರೆ ಆಶ್ಚರ್ಯವೇನು?

ಆದರೆ ಈ ಹೊಸ ಯಂತ್ರವು ಹೇಗೆ ಮಾತನಾಡುತ್ತದೆಂಬುದನ್ನು ತಾಯ್ತಂದೆಗಳು ತಿಳಿದಿರುವುದು ಅಗತ್ಯ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿಯು ಸಾರ್ವಜನಿಕರಿಗೆ ದೊರೆತಂದಿನಿಂದ ಇಂಥವು ಮನೆಮನೆಗೂ ಬಂದಿವೆ. ಅಪಾರವಾದ ಬರಹವನ್ನು ಅದಕ್ಕೆ ಉಣಿಸಿ, ಒಂದು ಮಾತಿನ ಮುಂದೆ ಯಾವ ಮಾತು ಬರುವುದು ಸಂಭವವೆಂದು ಎಣಿಸುವ ಅಭ್ಯಾಸವನ್ನು ಮಾಡಿಸಿರುತ್ತಾರೆ. ಬಳಿಕ, ಜನರು ಮೆಚ್ಚುವ ಉತ್ತರವನ್ನು ಹೆಚ್ಚಾಗಿ ಕೊಡುವಂತೆ ತಿದ್ದುತ್ತಾರೆ. ಆದಕಾರಣ ಮುಖಸ್ತುತಿಯ ಕಡೆಗೆ ವಾಲುವುದು ಅದಕ್ಕೆ ಸುಲಭ. 2025ರ ಏಪ್ರಿಲ್‌ನಲ್ಲಿ, ಸ್ತುತಿಯು ಮಿತಿಮೀರಿತೆಂದು ಓಪನ್ ಎ.ಐ. ಸಂಸ್ಥೆಯವರೇ ತಮ್ಮ ಒಂದು ತಿದ್ದುಪಾಟನ್ನು ಹಿಂತೆಗೆದುಕೊಂಡರು. ಅದೇ ವರ್ಷ ಆಗಸ್ಟ್‌ನಲ್ಲಿ ಹೊಸ ಮಾದರಿಯನ್ನು ತಂದು ಹಳೆಯದನ್ನು ತೆಗೆದಾಗ, ಸ್ನೇಹಿತನನ್ನು ಕಳೆದುಕೊಂಡೆವೆಂದು ಲೋಕದ ನಾನಾ ಕಡೆಯ ವಯಸ್ಕರು ಗೋಳಿಟ್ಟರು. ಹಣ ತೆರುವವರಿಗೆ ಹಳೆಯ ಮಾದರಿಯನ್ನು ಕೆಲವೇ ದಿನಗಳಲ್ಲಿ ಮರಳಿ ಕೊಡಬೇಕಾಯಿತು. ವಿದ್ಯಾವಂತರಾದ ವಯಸ್ಕರೇ ಅತ್ತ ಮೇಲೆ, ನಮ್ಮ ಹದಿನಾಲ್ಕರ ಬಾಲಿಕೆಯು ಅತ್ತುದನ್ನು ಹಾಸ್ಯಮಾಡುವ ಹಕ್ಕು ಯಾರಿಗಿದೆ?

ಇದರಿಂದ ಒಳಿತೇ ಇಲ್ಲವೆಂದು ನಾವು ವಾದಿಸುವುದಿಲ್ಲ. ಮನಸ್ಸಿನ ಕ್ಲೇಶದಲ್ಲಿರುವವರೊಡನೆ ಸಂಭಾಷಿಸುವುದಕ್ಕಾಗಿ ನಮ್ಮ ಬೆಂಗಳೂರಿನಲ್ಲಿಯೇ ವೈಸಾ ಎಂಬುದನ್ನು ನಿರ್ಮಿಸಿದ್ದಾರೆ. ಪೆಂಗ್ವಿನ್ ಹಕ್ಕಿಯು ಅದರ ರೂಪ. ನಾಚಿಕೆಯಿಂದ ಯಾರಲ್ಲಿಯೂ ಬಾಯಿಬಿಡಲಾರದವರು ಮೊದಲ ಮಾತನ್ನು ಅದಕ್ಕೆ ಹೇಳಿ ಹಗುರಾಗುವುದುಂಟು. ಆದರೆ ಮಸಾಚುಸೆಟ್ಸ್‌ನ ಅದೇ ಸಂಸ್ಥೆಯವರೂ ಓಪನ್ ಎ.ಐ.ಯವರೂ ಕೂಡಿ 981 ಮಂದಿಯನ್ನು ನಾಲ್ಕು ವಾರ ಪರಿಶೀಲಿಸಿ 2025ರಲ್ಲಿ ಪ್ರಕಟಿಸಿದ ವರದಿಯಲ್ಲಿ, ದಿನದಿನವೂ ಅತಿಯಾಗಿ ಬಳಸುವವರಲ್ಲಿ ಏಕಾಂಗಿತನವೂ ಯಂತ್ರದ ಮೇಲಣ ಅವಲಂಬನೆಯೂ ಹೆಚ್ಚಾಗಿ, ಜನರೊಡನೆ ಬೆರೆಯುವುದು ಕಡಮೆಯಾಗಿ ಕಂಡುಬಂದಿತು. ಒಂಟಿತನದಿಂದ ಬಳಕೆಯೋ, ಬಳಕೆಯಿಂದ ಒಂಟಿತನವೋ, ಎರಡೂ ಒಂದನ್ನೊಂದು ಬೆಳೆಸುತ್ತವೆಯೋ, ವಿವೇಕಿಗಳು ಯೋಚಿಸಲಿ. 2024ರ ಫೆಬ್ರವರಿಯಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಇಂಥ ಒಂದು ಕಾಲ್ಪನಿಕ ಪಾತ್ರಕ್ಕೆ ಮನಸೋತಿದ್ದ 14 ವರ್ಷದ ಬಾಲಕನು ಪ್ರಾಣ ಕಳೆದುಕೊಂಡನು. ತಾಯಿಯು ನ್ಯಾಯಾಲಯಕ್ಕೆ ಹೋದಳು. ಆ ಪಾತ್ರಗಳನ್ನು ಒದಗಿಸುತ್ತಿದ್ದ ಸಂಸ್ಥೆಯು 2025ರ ನವೆಂಬರ್‌ನಲ್ಲಿ 18 ವರ್ಷದೊಳಗಿನವರಿಗೆ ಅಂಥ ಮಿತಿಯಿಲ್ಲದ ಸಂಭಾಷಣೆಯನ್ನು ನಿಲ್ಲಿಸಿತು.

ಹಾಗಾದರೆ ಈ ಬಾಂಧವ್ಯದಲ್ಲಿರುವ ಕೊರತೆ ಯಾವುದು? ಯಂತ್ರಕ್ಕೆ ಪ್ರೀತಿಯಿಲ್ಲವೆಂಬುದೇ ಕೊರತೆಯೆಂದು ಸಾಮಾನ್ಯವಾಗಿ ಹೇಳುವರು. ನಮ್ಮ ಅಭಿಪ್ರಾಯದಲ್ಲಿ ಅದಕ್ಕಿಂತ ದೊಡ್ಡ ಕೊರತೆಯೊಂದಿದೆ. ಏನೆಂದರೆ, ಅದಕ್ಕೆ ನಮ್ಮ ಪ್ರೀತಿಯು ಬೇಕಾಗಿಲ್ಲ. ಗುತ್ತಿಯು ತನ್ನ ಹುಲಿಯನಿಗೆ ಅನ್ನ ಹಾಕಬೇಕು. ದನಕ್ಕೆ ಮಳೆಯಲ್ಲಿಯೂ ಹುಲ್ಲು ತರಬೇಕು. ಅಜ್ಜಿಗೆ ಕಿವಿ ಮಂದವಾದರೆ ಹೇಳಿದ್ದನ್ನೇ ಮೂರು ಸಲ ಹೇಳಬೇಕು. ಗೆಳತಿಯು ಮುನಿಸಿಕೊಂಡರೆ ನಾವೇ ಮೊದಲು ಹೋಗಿ ಮಾತನಾಡಿಸಬೇಕು. ಹೀಗೆ ಬೇಡಿಸಿಕೊಂಡೂ ಕಾದೂ ತಗ್ಗಿಯೂ ಪ್ರೀತಿಯು ಹಣ್ಣಾಗುತ್ತದೆ. ಯಂತ್ರವಾದರೋ ಹಸಿಯುವುದಿಲ್ಲ, ದಣಿಯುವುದಿಲ್ಲ, ತನ್ನ ತಲೆನೋವನ್ನು ಹೇಳಿಕೊಳ್ಳುವುದಿಲ್ಲ. ತಾನು ಕೇಳಿಸಿಕೊಳ್ಳದೆಯೇ ಸದಾ ಕೇಳಿಸಿಕೊಳ್ಳಲ್ಪಡುವುದಕ್ಕೆ ಒಗ್ಗಿದ ಬಾಲಿಕೆಗೆ ಮುಂದೆ ಅತ್ತೆಮನೆಯಲ್ಲಾಗಲಿ ಉದ್ಯೋಗದಲ್ಲಾಗಲಿ ಸ್ನೇಹದಲ್ಲಾಗಲಿ ದೊರೆಯುವ ಮನುಷ್ಯರೆಲ್ಲರೂ ಒರಟರಾಗಿಯೇ ತೋರಬಹುದು.

ಅದಿಲ್ಲದಿದ್ದರೆ ಆ ಹುಡುಗಿಗೆ ಏನೂ ಇರುತ್ತಿರಲಿಲ್ಲವಲ್ಲ, ಇದಾದರೂ ಇರಲಿ, ಎಂದು ನಮ್ಮ ಕಿರಿಯ ಉಪಾಧ್ಯಾಯಿನಿಯೊಬ್ಬರು ಕೇಳಿದರು. ಈ ಪ್ರಶ್ನೆಯು ನಮ್ಮನ್ನು ಚುಚ್ಚಿತು. ಏನೂ ಏಕೆ ಇರಲಿಲ್ಲ? ಮಾತಿನ ಮಧ್ಯೆ ಆ ಬಾಲಿಕೆಯು ಒಂದು ಸಂಗತಿಯನ್ನು, ದೂರಿನ ದನಿಯಿಲ್ಲದೆ, ಹೇಳಿದಳು. ಆ ಟರ್ಮಿನಲ್ಲಿ ಅವಳು ಮೂರು ಸಲ ನಮ್ಮ ಕೋಣೆಯ ಬಾಗಿಲಿಗೆ ಬಂದಿದ್ದಳು. ಒಮ್ಮೆ ನಾವು ಹಾಜರಿ ತಃಖ್ತೆಯಲ್ಲಿ ಮುಳುಗಿದ್ದೆವು. ಒಮ್ಮೆ ಇನ್‌ಸ್ಪೆಕ್ಷನ್ನಿನ ಸಿದ್ಧತೆಯಿತ್ತು. ಮೂರನೆಯ ಸಲ ಏನೆಂಬುದು ನಮಗೆ ನೆನಪೇ ಇಲ್ಲ. ಮೂರು ಸಲವೂ ನಾವು ಹೇಳಿದ್ದು "ಆಮೇಲೆ ಬಾ ಮಗು" ಎಂದು. ಯಂತ್ರವು ಅವಳಿಗೆ ಎಂದೂ ಆಮೇಲೆ ಬಾ ಎನ್ನಲಿಲ್ಲ. ಇದರಲ್ಲಿ ಯಾರ ಶಿಕ್ಷಣವು ಕುಂದಿತೆಂಬುದನ್ನು ಓದುಗರೇ ನಿರ್ಣಯಿಸಬಹುದು.

ಆದುದರಿಂದ ತಾಯ್ತಂದೆಗಳಲ್ಲಿ ನಮ್ಮ ಬಿನ್ನಹವಿಷ್ಟೆ. ಮಗಳು ಯಂತ್ರದೊಡನೆ ಸಲಿಗೆ ಬೆಳೆಸಿದಳೆಂದು ತಿಳಿದರೆ ಹಾಸ್ಯಮಾಡಬೇಡಿ; ಫೋನನ್ನು ಥಟ್ಟನೆ ಕಸಿದುಕೊಳ್ಳಬೇಡಿ. ಕಸಿದರೆ ದುಃಖವು ಹೋಗದು, ಗುಟ್ಟಾಗುವುದು. ಅದರೊಡನೆ ಏನು ಹೇಳಿಕೊಳ್ಳುತ್ತೀಯೆಂದು ಕೇಳಿ. ಹೇಳಿದಾಗ ಬುದ್ಧಿವಾದವನ್ನು ಸ್ವಲ್ಪ ತಡೆದುಕೊಂಡು ಕೇಳಿಸಿಕೊಳ್ಳಿ. ಮಲಗುವ ಕೋಣೆಗೆ ಫೋನು ಹೋಗದಂತೆ ಮನೆಯವರೆಲ್ಲರಿಗೂ, ತಮಗೂ ಸೇರಿಸಿ, ಒಂದೇ ನಿಯಮವನ್ನು ಮಾಡಿ. ದೂರದಲ್ಲಿರುವ ತಾಯಂದಿರು ಅಂಕಗಳನ್ನು ವಿಚಾರಿಸುವ ಮೊದಲು ಊಟವನ್ನು ವಿಚಾರಿಸಲಿ. ಮಗುವು ಊಟ ನಿದ್ದೆಗಳನ್ನು ಬಿಟ್ಟರೆ, ಬದುಕು ಬೇಡವೆಂಬ ಮಾತನ್ನಾಡಿದರೆ, ತಡಮಾಡದೆ ವೈದ್ಯರ ಸಹಾಯವನ್ನು ಪಡೆಯತಕ್ಕದ್ದು. ಫೋನಿನ ಅತಿ ಅವಲಂಬನೆಗೆ ಚಿಕಿತ್ಸೆ ನೀಡುವ ವಿಭಾಗವು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದೆ. 2022ರಲ್ಲಿ ಪ್ರಾರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆಗೆ 14416 ಸಂಖ್ಯೆಗೆ ಕರೆಮಾಡಿದರೆ ಹಗಲಿರುಳೂ ಕನ್ನಡದಲ್ಲಿ ಮನುಷ್ಯರೇ ಉಚಿತವಾಗಿ ಉತ್ತರ ಕೊಡುವರು.

ಹಳೆಯ ವಿದ್ಯಾರ್ಥಿನಿಯರಲ್ಲಿ ಇನ್ನೊಂದು ಬಿನ್ನಹವುಂಟು. ಈ ವರ್ಷದಿಂದ ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಗಂಟೆಯ ಕಾಲ ನಮ್ಮ ಕೋಣೆಯ ಬಾಗಿಲನ್ನು ತೆರೆದಿಟ್ಟು, ತಃಖ್ತೆಗಳನ್ನು ಬೀರುವಿನಲ್ಲಿಟ್ಟು ಕುಳಿತಿರುತ್ತೇವೆ. ಬರುವ ಬಾಲಿಕೆಯರು ಹೆಚ್ಚು. ನಮ್ಮ ಕಿವಿಗಳು ಎರಡೇ. ಕೊಪ್ಪದಲ್ಲಿಯೂ ಶೃಂಗೇರಿಯಲ್ಲಿಯೂ ನರಸಿಂಹರಾಜಪುರದಲ್ಲಿಯೂ ನೆಲೆಸಿರುವ ನಿಮ್ಮಲ್ಲಿ ಯಾರಿಗೆ ಬಿಡುವಿದೆಯೋ ಅವರು ತಿಂಗಳಿಗೊಂದು ಶನಿವಾರ ಬಂದು ಜಗಲಿಯ ಮೇಲೆ ಕುಳಿತುಕೊಂಡರೆ ಸಾಕು. ಕಟ್ಟಡದ ನಿಧಿಗೆ ಕೊಡುವ ಕಾಣಿಕೆಗಿಂತ ಅದು ಕಡಮೆಯಲ್ಲ.

ಆ ಬಾಲಿಕೆಯು ಈಗ ಹತ್ತನೆಯ ತರಗತಿಯಲ್ಲಿದ್ದಾಳೆ. ಯಂತ್ರದೊಡನೆ ಈಗಲೂ ಆಗಾಗ ಮಾತನಾಡುತ್ತಾಳೆ, ನಾವು ಬೇಡವೆಂದಿಲ್ಲ. ಆದರೆ ಹೋದ ಶನಿವಾರ ಐದನೆಯ ತರಗತಿಯ ಹೊಸ ಹುಡುಗಿಯೊಬ್ಬಳು ನಮ್ಮ ಬಾಗಿಲಲ್ಲಿ ಅಳುತ್ತ ನಿಂತಿದ್ದಾಗ ನಾವು ಏಳುವಷ್ಟರಲ್ಲಿ ಇವಳೇ ಹೋಗಿ ಅವಳ ಕೈ ಹಿಡಿದುಕೊಂಡಳು. "ಊಟ ಆಯಿತಾ ಪುಟ್ಟಿ?" ಎಂದು ಕೇಳಿದ್ದು ನಮಗೆ ಒಳಗಿನಿಂದ ಕೇಳಿಸಿತು.