ಚೀಟಿ ಓದದೆ ತೋಟ ಮಾಡಬೇಡಿ

ಬಾಯಿಮಾತಿನ ಗೇಣಿ ನಂಬಿ ಪರರ ಜಾಗದಲ್ಲಿ ಅಡಿಕೆ ನೆಟ್ಟವರ ಪಾಡು ನಮ್ಮ ಹಿರಿಯರಿಗೆ ಗೊತ್ತಿತ್ತು. ಫಲ ಬರುವ ಹೊತ್ತಿಗೆ ಧಣಿಯ ಮನಸ್ಸು ತಿರುಗಿದರೆ? ಅಮೆರಿಕದ ಸಣ್ಣ ಪ್ರಕಾಶಕರಿಗೆ ಆದದ್ದೂ ಅದೇ.

'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂದರೆ ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು, ದಾಳ ಹಾಕುತ್ತ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಆಟ. ಅದರ ಒಡೆಯರಾದ ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪೆನಿ 2000ದಲ್ಲಿ 'ಓಪನ್ ಗೇಮ್ ಲೈಸೆನ್ಸ್' ಹೊರತಂದಿತು. ನಮ್ಮ ನಿಯಮ ಬಳಸಿ ಪೂರಕ ಪುಸ್ತಕ ಬರೆಯಿರಿ, ಮಾರಿರಿ, ರಾಯಧನ ಬೇಡ ಎಂದಿತು. ಅದನ್ನು ನಂಬಿ ಎಷ್ಟೋ ಮಂದಿ ಅದರಿಂದಲೇ ಬದುಕು ಕಟ್ಟಿಕೊಂಡರು.

2023ರ ಜನವರಿಯಲ್ಲಿ ಹೊಸ ಲೈಸೆನ್ಸಿನ ಕರಡು ಸೋರಿತು. ಹಳೆಯದು ಇನ್ನು 'ಅಧಿಕೃತ' ಅಲ್ಲವಂತೆ! ವರ್ಷಕ್ಕೆ 7,50,000 ಡಾಲರ್ ಮೀರಿದ ವರಮಾನಕ್ಕೆ ಶೇ. 25ರವರೆಗೆ ರಾಯಧನ. ಅಷ್ಟು ಗಳಿಸುವವರು ಜಗತ್ತಿನಲ್ಲಿ ಇಪ್ಪತ್ತು ಮಂದಿಯೂ ಇಲ್ಲ ಎಂದು ಕಂಪೆನಿ ಮೊದಲೇ ಸಮಾಧಾನ ಹೇಳಿತ್ತು. ಆದರೆ ನೀವು ಬರೆದದ್ದನ್ನು ಕಂಪೆನಿ ದುಡ್ಡು ಕೊಡದೆ ಎಂದೆಂದಿಗೂ ಬಳಸಬಹುದೆಂಬ ಷರತ್ತು ಸಣ್ಣವರಿಗೂ ಇತ್ತು.

ಕಂಪೆನಿಗೆ ಈ ಧೈರ್ಯ ಎಲ್ಲಿಂದ ಬಂತು? ಹಳೆಯ ಪತ್ರದಲ್ಲಿ 'ಶಾಶ್ವತ' ಎಂದಿತ್ತು, 'ಹಿಂಪಡೆಯಲಾಗದು' ಎಂದಿರಲಿಲ್ಲ. ಒಂಬತ್ತನೇ ಕಲಮಿನ 'ಅಧಿಕೃತ ಆವೃತ್ತಿ' ಎಂಬ ಮಾತನ್ನೇ ಕಂಪೆನಿ ಹಿಡಿದುಕೊಂಡಿತು.

ಒಡೆಯರಿಗೆ ಹಕ್ಕಿಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ಮುಂದಿನ ಪುಸ್ತಕಕ್ಕೆ ಬೇಕಾದ ಷರತ್ತು ಹಾಕಲಿ. ಕರೆದು ಬಡಿಸಿದ ಊಟಕ್ಕೆ ಇಪ್ಪತ್ತು ವರ್ಷ ಕಳೆದು ಬಿಲ್ಲು ಕಳಿಸುವುದು ಯಾವ ನ್ಯಾಯ? ಅಮೆರಿಕದ ಕಾಯಿದೆಯಲ್ಲಿ ಆಟದ ವಿಧಾನಕ್ಕೆ ಕೃತಿಸ್ವಾಮ್ಯವೇ ಇಲ್ಲ, ಅದನ್ನು ಬರೆದ ಮಾತಿಗೆ ಮಾತ್ರ. ಆದರೂ ಒಂದು ಕೋಣೆಯ ಪ್ರಕಾಶಕ ಕೋರ್ಟಿನ ಖರ್ಚು ತಾಳಿಯಾನೇ? ಗೆಲ್ಲುವ ಕೇಸಿಗೂ ಹೆದರಿ ಅಂಗಡಿ ಮುಚ್ಚುತ್ತಾನೆ. ನಿಜವಾದ ಅಪಾಯ ಇದು.

ಆಟಗಾರರು ಗಲಾಟೆ ಎಬ್ಬಿಸಿದರು. ಜನವರಿ 27ರಂದು ಕಂಪೆನಿ ಹಳೆಯ ಲೈಸೆನ್ಸನ್ನು ಹಾಗೆಯೇ ಬಿಟ್ಟು, ಸುಮಾರು 400 ಪುಟಗಳ ನಿಯಮಸಾರವನ್ನು ಹಿಂಪಡೆಯಲಾಗದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಒಪ್ಪಿಸಿತು. ಸಂತೋಷ. ಆದರೆ ಅಂದು ಸಣ್ಣವರನ್ನು ಉಳಿಸಿದ್ದು ಗಲಾಟೆಯೇ ಹೊರತು ಕೈಯಲ್ಲಿದ್ದ ಪತ್ರವಲ್ಲ. ಪ್ರತಿ ಸಲ ಜನ ಸೇರುತ್ತಾರೆಯೇ?

ಕನ್ನಡ ವಿಕಿಸೋರ್ಸ್ ಕೂಡ ಕ್ರಿಯೇಟಿವ್ ಕಾಮನ್ಸನ್ನೇ ನೆಚ್ಚಿದೆ. ನಾವು ಮೇಷ್ಟ್ರುಗಳೂ ಪಾಠದ ಟಿಪ್ಪಣಿ, ಅಭ್ಯಾಸ ಹಾಳೆ ಮಾಡಿ ಹಂಚುವವರು. ಯಾರದ್ದಾದರೂ ಸಾಮಗ್ರಿ 'ಉಚಿತ' ಎಂದ ಕೂಡಲೇ ಕೈ ಹಾಕುವ ಮೊದಲು ಮೂರು ಪ್ರಶ್ನೆ ಕೇಳೋಣ: ಕೊಟ್ಟದ್ದನ್ನು ಹಿಂದೆ ಪಡೆಯಬಹುದೇ? ಷರತ್ತು ಬದಲಿಸುವವರು ಯಾರು? ನಾವು ಸೇರಿಸಿದ್ದು ಯಾರ ಪಾಲು? ಉತ್ತರ ಬರಹದಲ್ಲಿ ಇಲ್ಲವಾದರೆ ಗಿಡ ನೆಡುವುದು ಬೇಡ.