ಜಾತ್ರೆಯ ಮೇಳವೂ ನಮ್ಮ ಕಿವಿಯೂ

ಬೇಸಗೆಯ ದವನದ ಹುಣ್ಣಿಮೆಗೆ ರಾಮದುರ್ಗ ತಾಲೂಕಿನ ಸಾಲಹಳ್ಳಿಯ ಕಡೆಯಿಂದ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಡುವ ವಿದ್ಯಾರ್ಥಿಗಳಿಗೆ ನಮ್ಮದೊಂದು ಸೂಚನೆಯುಂಟು. ಚೌಡಿಕೆ ನುಡಿಸುವವರ ಹತ್ತಿರ ಹೋಗಿ ನಿಲ್ಲಿರಿ. ಕೇಳುವುದರ ಜೊತೆಗೆ ಕಣ್ಣಿಟ್ಟು ನೋಡಿರಿ.

ಚೌಡಿಕೆಯು ನೋಟಕ್ಕೆ ಬಹು ಸರಳವಾದ ವಾದ್ಯ. ಕೊಳಗದಂತಹ ಒಂದು ಪಾತ್ರೆ, ಅದರ ಒಂದು ಬಾಯಿಗೆ ಬಿಗಿದ ಚರ್ಮ, ಆ ಚರ್ಮದ ನಡುವಿನಿಂದ ಹೊರಟು ಪಕ್ಕದ ಕೋಲಿನ ತುದಿಯನ್ನು ಸೇರುವ ಒಂದು ತಂತಿ, ಇಷ್ಟೇ. ವೀಣೆಯ ತಂತಿಯು ಮರದ ಉದ್ದಕ್ಕೆ ಮಲಗಿದ್ದರೆ ಚೌಡಿಕೆಯದು ಚರ್ಮದಿಂದ ನೆಟ್ಟಗೆ ಎದ್ದು ನಿಂತಿದೆ. ಮೀಟಿದ ತಂತಿಯು ಎಡಕ್ಕೆ ಬಾಗಿದಾಗಲೊಮ್ಮೆ, ಬಲಕ್ಕೆ ಬಾಗಿದಾಗಲೊಮ್ಮೆ ಅದರ ಬಿಗಿ ಹೆಚ್ಚುತ್ತದೆ. ಆದುದರಿಂದ ತಂತಿಯ ಒಂದು ಪೂರ್ಣ ಕಂಪನಕ್ಕೆ ಚರ್ಮವು ಎರಡು ಸಲ ಸೆಳೆಯಲ್ಪಡುತ್ತದೆ. ತಂತಿಯ ಕಂಪನಸಂಖ್ಯೆಯ ಇಮ್ಮಡಿಯ, ಎಂದರೆ ಒಂದು ಸ್ಥಾಯಿ ಮೇಲಿನ ನಾದವು ಹೊಮ್ಮುತ್ತದೆ. ಭೌತಶಾಸ್ತ್ರದ ಇಂತಹ ಪಾಠವನ್ನು ಬಯಲಿನಲ್ಲಿ, ಬಿಟ್ಟಿಯಾಗಿ, ಬೇರೆಲ್ಲಿ ಪಡೆಯಬಹುದೋ ನಾವು ಅರಿಯೆವು.

ಆದರೆ ಟ್ರ್ಯಾಕ್ಟರಿನ ಮೇಲೆ ಪೇರಿಸಿದ ಧ್ವನಿವರ್ಧಕಗಳ ಗೋಡೆಯೊಂದು ಪಕ್ಕದಲ್ಲಿ ಮೊಳಗತೊಡಗಿದರೆ ಈ ಪಾಠ ಮುಗಿದಂತೆಯೇ. ಕರಡಿ ಮಜಲಿನವರೂ ಮೆಲುದನಿಯವರಲ್ಲ. (ಕರಡಿ ಎಂದರೆ ಇಲ್ಲಿ ಮೃಗವಲ್ಲ, ಎರಡು ಮುಖದ ಚರ್ಮವಾದ್ಯ.) ಆದರೆ ಅವರ ಕೈ ದಣಿಯುತ್ತದೆ, ಶಹನಾಯಿಯವನು ಉಸಿರೆಳೆದುಕೊಳ್ಳಬೇಕಾಗುತ್ತದೆ. ವಿದ್ಯುತ್ತಿಗೆ ದಣಿವಿಲ್ಲ.

ಕಿವಿಗೆ ಮಾತ್ರ ದಣಿವುಂಟು. ನಮ್ಮ ಒಂದೊಂದು ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸಲು ಇರುವ ರೋಮಕೋಶಗಳು ಸುಮಾರು 15,000. ಸತ್ತವು ಮತ್ತೆ ಹುಟ್ಟುವುದಿಲ್ಲ. 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ಗಂಟೆ ಸಹಿಸಬಹುದೆಂದು ಲೆಕ್ಕವಿಟ್ಟರೆ, ಮುಂದೆ ಪ್ರತಿ 3 ಡೆಸಿಬೆಲ್ಲಿಗೆ ಆ ಅವಧಿ ಅರ್ಧಕ್ಕಿಳಿಯುತ್ತದೆ. 100 ಡೆಸಿಬೆಲ್ಲಿಗೆ ಉಳಿಯುವುದು ಕಾಲು ಗಂಟೆ. ಧ್ವನಿವರ್ಧಕದ ಎದುರು ಇರುಳೆಲ್ಲ ಕುಣಿದ ಹುಡುಗನಿಗೆ ಮರುದಿನ ಕಿವಿಯಲ್ಲಿ ಗುಂಯ್‌ಗುಡುವುದು ಜಾತ್ರೆಯ ನೆನಪಲ್ಲ, ಪೆಟ್ಟಿನ ಗುರುತು.

ನಾವು ರಾಕ್ ಸಂಗೀತದ ವಿರೋಧಿಗಳಲ್ಲ. 1976ರಲ್ಲಿ ಲಂಡನ್ನಿನ ಚಾರ್ಲ್‌ಟನ್ ಮೈದಾನದಲ್ಲಿ ‘ದ ಹೂ’ ಎಂಬ ರಾಕ್ ಮೇಳದ ಶಬ್ದವು 32 ಮೀಟರ್ ದೂರದಲ್ಲಿ 126 ಡೆಸಿಬೆಲ್ ತಲಪಿತೆಂದು ಗಿನ್ನೆಸ್ ದಾಖಲೆಯಾಯಿತು. ಮುಂದೆ ಗಿನ್ನೆಸ್ ಪುಸ್ತಕದವರೇ, ಕಿವಿಗಳಿಗೆ ಹಾನಿಯೆಂದು, ಆ ಸ್ಪರ್ಧೆಯನ್ನು ಕೈಬಿಟ್ಟರು. ಮೇಳದ ಗಿಟಾರ್ ವಾದಕ ಪೀಟ್ ಟೌನ್‌ಶೆಂಡ್ ತಮ್ಮ ಶ್ರವಣಹಾನಿಯ ಕುರಿತು ಬಹಿರಂಗವಾಗಿಯೇ ಮಾತನಾಡಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಸಂಗೀತದ ಸ್ಥಳಗಳಿಗೆ ವಿಧಿಸಿದ ಮಿತಿ ಸರಾಸರಿ 100 ಡೆಸಿಬೆಲ್.

ರಾತ್ರಿ 10ರ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂಬ ನಿಯಮವು 2000ದಿಂದಲೂ ನಮ್ಮಲ್ಲಿದೆ, ವಿಶೇಷ ದಿನಗಳ ವಿನಾಯಿತಿಯೊಡನೆ. ಅದು ನೆರೆಯವರ ನಿದ್ದೆಯನ್ನು ಕಾಯುತ್ತದೆಯೇ ಹೊರತು ಸಂಜೆ 7ಕ್ಕೆ ಧ್ವನಿವರ್ಧಕಕ್ಕೆ ಮೈಯೊತ್ತಿ ನಿಂತ ಬಾಲಕನ ಕಿವಿಯನ್ನಲ್ಲ. ಆದುದರಿಂದ ಊರಿನ ಜಾತ್ರೆಯ ಹಿರಿಯರು ಗಡಿಯಾರದ ಜೊತೆಗೆ ಶಬ್ದಮಾಪಕವನ್ನೂ ಇಟ್ಟುಕೊಳ್ಳಬೇಕು. ಚೌಡಿಕೆಗೆ, ಕರಡಿ ಮಜಲಿಗೆ ವಿದ್ಯುತ್ತಿಲ್ಲದ ಒಂದು ಗಂಟೆಯನ್ನಾದರೂ ಬಿಟ್ಟುಕೊಡಬೇಕು. ಅಲ್ಲಿಯವರೆಗೆ ನಮ್ಮ ವಿದ್ಯಾರ್ಥಿಗಳು ಹಿಂದೆ ಸರಿದು ನಿಲ್ಲಲಿ. ಬಯಲಿನಲ್ಲಿ ದೂರವನ್ನು ಇಮ್ಮಡಿಸಿದರೆ ಶಬ್ದವು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.