ಆಂಟೆನಾ ಕಟ್ಟಲು ಬೆಂಗಳೂರು ಬೇಕೇನು?

ಹ್ಯಾಮ್ ರೇಡಿಯೋ ಪಟ್ಟಣದ ದುಡ್ಡಿದ್ದವರ ಹವ್ಯಾಸ ಎನ್ನುವವರಿಗೆ ನಮ್ಮದೊಂದು ಪ್ರಶ್ನೆ: ಸೊರಟೂರಿನಲ್ಲಿ ತಾಮ್ರದ ತಂತಿ ಸಿಗುವುದಿಲ್ಲವೇ?

ಆಂಟೆನಾದ ಲೆಕ್ಕ ಬರೀ ಭಾಗಾಕಾರ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ತಂತಿಯ ಉದ್ದ ಮೀಟರ್‌ನಲ್ಲಿ ಸಿಗುತ್ತದೆ. 7.1 ಮೆಗಾಹರ್ಟ್ಸ್‌ಗೆ ಸುಮಾರು 20 ಮೀಟರ್. ನಡುವೆ ಕತ್ತರಿಸಿ, ಒಂದು ತುಂಡಿಗೆ ಕೇಬಲ್‌ನ ಒಳತಂತಿ, ಇನ್ನೊಂದಕ್ಕೆ ಹೊರಜಾಲರಿ ಬೆಸೆಯಿರಿ. ಕರೆಂಟ್ ಲೈನಿನಿಂದ ದೂರ, ಎರಡು ಬೇವಿನ ಮರಗಳ ನಡುವೆ ಎತ್ತರಕ್ಕೆ ಕಟ್ಟಿದರೆ ಡೈಪೋಲ್ ಸಿದ್ಧ.

ಸರಿಯಾಗಿ ಕೆಲಸ ಮಾಡದಿದ್ದರೆ? ಎಸ್‌ಡಬ್ಲ್ಯುಆರ್ ಮೀಟರ್ 1.5ರೊಳಗೆ ತೋರಿಸಿದರೆ ಚೆನ್ನ. 3 ದಾಟಿದರೆ ಪ್ರಸಾರ ನಿಲ್ಲಿಸಿ, ಬೆಸುಗೆ ಬಿಟ್ಟಿದೆಯೇ, ಕೇಬಲ್‌ನೊಳಗೆ ಮಳೆನೀರು ಇಳಿದಿದೆಯೇ ನೋಡಿ. 7.1ಕ್ಕಿಂತ ಕೆಳಗಿನ ಆವರ್ತನದಲ್ಲಿ ಮೀಟರ್ ಅತಿ ಕಡಿಮೆ ತೋರಿಸಿದರೆ ತಂತಿ ಉದ್ದವಾಗಿದೆ. ಎರಡೂ ತುದಿಯನ್ನು ಸಮನಾಗಿ, ಸ್ವಲ್ಪಸ್ವಲ್ಪವೇ ಕತ್ತರಿಸಿ. ಪಂಪ್‌ಸೆಟ್ ಮೋಟಾರ್ ಸುತ್ತುವ ಕೈಗಳಿಗೆ ಇದು ಕಷ್ಟವೇ?

ಪ್ರಸಾರಕ್ಕೆ ಲೈಸೆನ್ಸ್ ಕಡ್ಡಾಯ. ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆಯನ್ನು 12 ವರ್ಷ ತುಂಬಿದವರು ಬರೆಯಬಹುದು. ಅಂದರೆ ನಮ್ಮ ಹೈಸ್ಕೂಲ್ ಮಕ್ಕಳೂ ಬರೆಯಬಹುದು. ಅವರಿಗೆ ಇದನ್ನು ಹೇಳುವವರು ಯಾರು?

2019ರ ಆಗಸ್ಟ್‌ನಲ್ಲಿ ಮಲಪ್ರಭೆ ನಮ್ಮದೇ ಜಿಲ್ಲೆಯ ಕೊಣ್ಣೂರಿಗೆ ನುಗ್ಗಿತು. ಅಂಥ ದಿನ ಕರೆಂಟ್ ಹೋಗಿ, ಟವರಿನ ಬ್ಯಾಟರಿ, ಡೀಸೆಲ್ ಮುಗಿದರೆ ಕೈಯಲ್ಲಿರುವ ಫೋನ್ ಬರೀ ಟಾರ್ಚ್. ಹ್ಯಾಮ್ ಸೆಟ್ ಟ್ರ್ಯಾಕ್ಟರಿನ 12 ವೋಲ್ಟ್ ಬ್ಯಾಟರಿಯಲ್ಲೂ ನಡೆಯುತ್ತದೆ.

ಸೆಟ್ಟಿಗೆ ದುಡ್ಡು ಬೇಕು, ಒಪ್ಪುತ್ತೇವೆ. ಅದನ್ನು ಪಂಚಾಯ್ತಿ ಕೊಳ್ಳಲಿ, ಶಾಲೆ ಕಲಿಸಲಿ. ಮುಂದಿನ ಗ್ರಾಮಸಭೆಯಲ್ಲಿ ನೀವೇ ಎದ್ದು ನಿಂತು ಕೇಳಿ.